ಸೊಸೆ ತವರಿಗೆ ಹೊರಟಳು

ಸಾಗರ, ೪ ಫೆಬ್ರವರಿ ೧೯೮೫

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಎಕ್ಸ್‌ಚೇಂಜಿನಲ್ಲಿ ಹೊತ್ತು ಮುಳುಗುವವರೆಗೆ ಬೇರೆಯವರ ಮಾತನ್ನು ಬೇರೆಯವರಿಗೆ ಜೋಡಿಸಿಕೊಟ್ಟು ಮನೆಗೆ ಬಂದರೆ ನನ್ನ ಮಾತು ಕೇಳುವುದಕ್ಕೆ ಗೋಡೆ ಬಿಟ್ಟರೆ ಯಾರೂ ಇಲ್ಲ. ಇವರು ಹೋದ ಮೇಲೆ ಅವರ ಕೆಲಸದ ಬದಲಿಗೆ ಇಲಾಖೆ ನನಗೆ ಈ ಕುರ್ಚಿ ಕೊಟ್ಟಿತು. ಮಗಳು ಭಾಗೀರಥಿಯನ್ನು ಓದಿಸಿ ಮದುವೆ ಮಾಡಿದ್ದು ಈ ಕುರ್ಚಿಯಿಂದಲೇ. ಅದನ್ನು ಬೈಯಬಾರದು.

ಭಾಗಿಗೆ ಆರು ತಿಂಗಳು ತುಂಬಿತು. ಹಿಂದಿನ ಎರಡು ಬಸಿರೂ ಕಾಲು ಊರುವ ಮೊದಲೇ ಇಳಿದು ಹೋಗಿದ್ದವು. ಈ ಸಲ ನಿಂತಿದೆ. ಕರೆದುಕೊಂಡು ಬರೋಣವೆಂದು ನಿನ್ನೆ ಲಾಂಚಿನಲ್ಲಿ ಹಿನ್ನೀರು ದಾಟಿ ಮಾವಿನಕೊಡ್ಲಿಗೆ ಹೋದೆ. ಬೀಗಿತ್ತಿ ದುಗ್ಗಮ್ಮ ಕಳಿಸಲಿಲ್ಲ.

"ಅಲ್ಲಾಡ್ಸಬೇಡಿ ಅಂತ ಡಾಕ್ಟ್ರೇ ಹೇಳಿದಾರೆ. ಈ ರಸ್ತೇಲಿ ಬಸ್ಸಲ್ಲಿ ಕುಣಿಸ್ಕೊಂಡು ಹೋಗ್ತೀರಾ ವರದಮ್ಮ? ತಿಂಗ್ಳು ತುಂಬ್ಲಿ, ಸೊಸೇನ ನಾನೇ ಕಳಿಸ್ತೀನಿ" ಎಂದರು.

ಅವರ ಮಾತು ಸರಿಯೇ. ಸರಿಯಾದ ಮಾತಿನ ಮೇಲೆ ಸಿಟ್ಟು ಬಂದರೆ ಅದನ್ನು ಯಾರ ಮೇಲೆ ಹಾಕುವುದು? ಚೊಚ್ಚಲ ಬಾಣಂತನ ತವರಿನದು. ಅದನ್ನೂ ಬೇಡಿ ಪಡೆಯಬೇಕೇ? ಕಾಫಿ ಕುಡಿದು ಎದ್ದೆ. ಅಳಿಯ ವಾಸಪ್ಪ ತೀರ್ಥಹಳ್ಳಿಯ ಅಕ್ಕಿ ಗಿರಣಿಯ ಲಾರಿ ಓಡಿಸುವವನು. ಹುಲಿಕಲ್ ಘಾಟಿ ಹತ್ತಿ ಇಳಿಯುವುದರಲ್ಲೇ ಅವನ ಸಂಸಾರ. ಮನೆಯಲ್ಲಿರುವುದು ಅತ್ತೆ ಸೊಸೆ ಇಬ್ಬರೇ.

ಒಂದು ಏರ್ಪಾಡು ಮಾಡಿ ಬಂದಿದ್ದೇನೆ. ಏನಾದರೂ ಹೆಚ್ಚುಕಮ್ಮಿಯಾದರೆ ಅಂಚೆಮನೆಯ ಫೋನಿನಿಂದ ನಮ್ಮ ಎಕ್ಸ್‌ಚೇಂಜಿಗೆ ಒಂದು ಮಾತು ಹೇಳಿ ಲಾಂಚ್ ಹತ್ತುವುದು. ಅವರು ಈಚೆ ದಡಕ್ಕೆ ಬರುವಷ್ಟರಲ್ಲಿ ನಾನು ಕನ್ನಪ್ಪನ ಬಾಡಿಗೆ ಕಾರನ್ನು ಅಲ್ಲಿಗೆ ಕಳಿಸಿರುವುದು. "ನಿಮ್ ಮಗಳಿಗೆ ಅಂದ್ರೆ ಮದ್ವೆ ಬಾಡಿಗೆ ಬಿಟ್ಟು ಬರ್ತೀನಿ ವರದಕ್ಕ" ಎಂದು ಕನ್ನಪ್ಪ ಒಪ್ಪಿಕೊಂಡಿದ್ದಾನೆ. ಫೋನಿನ ಕೆಲಸದಲ್ಲಿದ್ದು ಇಷ್ಟಾದರೂ ಉಪಯೋಗ ಬೇಡವೇ?

೧೧ ಫೆಬ್ರವರಿ

ಮಾವಿನಕೊಡ್ಲಿನ ಎಕ್ಸ್‌ಚೇಂಜಿಗೆ ಆಪರೇಟರ್ ಇಲ್ಲ. ಒಂದು ಕೋಣೆ, ಬೀರುವಿನಷ್ಟು ದೊಡ್ಡ ಯಂತ್ರ, ಸಾಲಾಗಿ ಬ್ಯಾಟರಿ, ಬಾಗಿಲಿಗೆ ಬೀಗ. ಊರಿನ ನಾಲ್ಕಾರು ಫೋನುಗಳನ್ನು ಅದು ತಾನೇ ನೋಡಿಕೊಳ್ಳುತ್ತದೆ. ಅದಕ್ಕೆ ಏನಾದರೂ ಆದರೆ ಇಲ್ಲಿ ನನ್ನ ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿ ಗಂಟೆ ಹೊಡೆಯುತ್ತದೆ. ಮೆಕ್ಯಾನಿಕ್ ಗಿರಿಯಪ್ಪ ಹೊಸನಗರದಲ್ಲಿದ್ದಾನೋ, ಹುಲಿಕಲ್ಲಿನಲ್ಲಿದ್ದಾನೋ ಹುಡುಕಿ ಅವನಿಗೆ ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ. ರಿಪೇರಿ ಅವನದು. ನಾವು ಬರೀ ಬಾಯಿ.

ಆ ಯಂತ್ರ ಊರಿಗೆ ಬಂದ ದಿನ ಲಾಂಚಿಗೆ ಮಾವಿನೆಲೆ ಕಟ್ಟಿದ್ದರಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಹೆಂಗಸರೆಲ್ಲ ನೋಡಲು ಬಂದು ಕುಂಕುಮ ಹಚ್ಚಿ ಹೋದರಂತೆ. ಅವತ್ತಿನಿಂದ ಗಿರಿಯಪ್ಪನಿಗೆ ಅದು 'ಕೊಡ್ಲು ಸೊಸೆ'. ಬ್ಯಾಟರಿ ಇಳಿದರೆ ಸೊಸೆಗೆ ಜ್ವರ. ಫ್ಯೂಸ್ ಹೋದರೆ ಸೊಸೆ ಮುನಿಸಿಕೊಂಡಳು. ಪೂರ್ತಿ ಸತ್ತರೆ ಸೊಸೆ ತವರಿಗೆ ಹೋದಳು. ಲೈನಿನಲ್ಲಿ ಸಾಹುಕಾರರು ಕದ್ದು ಕೇಳಿಸಿಕೊಂಡು ಮೇಲಿನವರಿಗೆ ದೂರು ಬರೆಯುತ್ತಾರೆಂದು ನಾವೂ ಇದೇ ಮಾತು ಹಿಡಿದೆವು. ಈಗ ಅಲ್ಲಿ ಬೀಗದ ಕೈ ಇಟ್ಟುಕೊಂಡಿರುವ ಪೋಸ್ಟ್ ಮಾಸ್ತರರ ಹೆಂಡತಿ ಶೇಷಮ್ಮ ಕೂಡ ಫೋನ್ ಮಾಡಿ, "ಸೊಸೆಗೆ ಜ್ವರ ಕಣ್ರೀ, ಮುಲುಕ್ತಾ ಇದಾಳೆ" ಎನ್ನುತ್ತಾಳೆ. ಪುಷ್ಪಮ್ಮ ನನ್ನ ಜೊತೆಯ ಆಪರೇಟರ್. ಅವಳಂತೂ ನಕ್ಕೂ ನಕ್ಕೂ ಹೆಡ್‌ಫೋನ್ ಬೀಳಿಸಿಕೊಳ್ಳುತ್ತಾಳೆ.

ಗಂಡುಮಕ್ಕಳಿಲ್ಲದ ನನಗೂ ಒಬ್ಬಳು ಸೊಸೆ ಸಿಕ್ಕಳು.

೧೯ ಫೆಬ್ರವರಿ

ಬೆಳಿಗ್ಗೆ ಗಂಟೆ ಹೊಡೆಯಿತು. ಯಂತ್ರದ ಗಂಟೆಯೆಂದು ಗೊತ್ತು, ಆದರೂ ಅದು ಬರುವುದು ನನ್ನ ಮಗಳಿರುವ ಊರಿನಿಂದ. ಗಿರಿಯಪ್ಪನಿಗೆ ಹೇಳುವುದಕ್ಕೆ ಮೊದಲು ಅಂಚೆಮನೆಗೆ ರಿಂಗ್ ಕೊಟ್ಟು ಭಾಗಿಯನ್ನು ಕರೆಸಿದೆ. ಅವಳು ಬರುವವರೆಗೆ ಬೇರೆ ಯಾವ ಕರೆಯನ್ನೂ ಎತ್ತಲಿಲ್ಲ.

"ಎಂತ ಆಯ್ತಮ್ಮ? ನಾ ಇಲ್ಲಿ ಕಡುಬು ತಿಂತಾ ಇದ್ದೆ. ನೀ ಹಿಂಗೆ ಓಡಿಸಿದ್ರೆ ದಾರೀಲೇ ಹೆರ್ತೀನಿ ನೋಡು" ಎಂದಳು.

ಬಿಡ್ತು ಅನ್ನು ಎಂದು ಬೈದೆ. ಅವಳ ದನಿ ಕೇಳಿ ಎಷ್ಟು ಸಂತೋಷವಾಯಿತೆಂದರೆ ಗಿರಿಯಪ್ಪನಿಗೆ ಸುದ್ದಿ ಕೊಡುವುದು ತಡವಾಗಿ ಸುಬ್ಬಯ್ಯನವರಿಂದ ಬೈಸಿಕೊಂಡೆ. ಅವರು ನಮ್ಮ ಸೂಪರ್‌ವೈಸರ್. "ಇಲ್ಲಿ ಮಗಳು ಗಿಗಳು ಇಲ್ಲ ವರದಮ್ಮ. ದೀಪ ಹತ್ತಿದ್ರೆ ಮೆಸೇಜು, ಅಷ್ಟೇ" ಎಂದರು. ಹೇಳಲಿ. ಅವರ ಮಕ್ಕಳೆಲ್ಲ ಕೈಯಳತೆಯಲ್ಲಿದ್ದಾರೆ.

೨ ಮಾರ್ಚ್

ಕರೆಂಟು ತೆಗೆಯಲು ಶುರು ಮಾಡಿದ್ದಾರೆ. ಡ್ಯಾಮಿನ ನೀರು ಇಳಿದಿದೆಯಂತೆ. ನಾಡಿಗೆಲ್ಲ ಬೆಳಕು ಕೊಡಲಿಕ್ಕೆ ಮುಳುಗಿದ ಊರಿನವರಿಗೇ ಬೆಳಕಿಲ್ಲ. ಕೊಡ್ಲಿನಲ್ಲಿ ಕರೆಂಟು ಇಲ್ಲದಿದ್ದರೆ ಬ್ಯಾಟರಿ ತುಂಬುವುದಿಲ್ಲ, ತುಂಬದಿದ್ದರೆ ಇಲ್ಲಿ ಗಂಟೆ ನಿಲ್ಲುವುದಿಲ್ಲ. ಗಿರಿಯಪ್ಪ ತೀರ್ಥಹಳ್ಳಿಯಲ್ಲಿ ಬ್ಯಾಟರಿ ಕೇಳಿದ, ಅವರು ಕೊಡಲಿಲ್ಲ. ಹೊಸನಗರದಲ್ಲಿ ಕೇಳಿದ, ಅಲ್ಲಿಯೂ ಇಲ್ಲ. ಕೊನೆಗೆ ನನಗೇ ಹೇಳಿದ: "ವರದಕ್ಕ, ನೀವು ಹೇಳಿದ್ರಿ, ನಾ ಕೇಳ್ದೆ. ಇಬ್ರೂ ಕೂತ್ಕಂಡು ಅಳೋಣ."

ಸುಬ್ಬಯ್ಯನವರು ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಎಂದರು. ಟ್ರಂಕ್ ಕಾಲಿನವರಿಗೆ ಕಿರಿಕಿರಿಯಂತೆ. ನಾನು ಆಗುವುದಿಲ್ಲ ಎಂದೆ. ಗಂಟೆ ಇರುವುದೇ ಹೊಡೆಯುವುದಕ್ಕೆ. ಅದರ ಬಾಯಿ ಮುಚ್ಚಿದರೆ ನಾನೇಕೆ ಇಲ್ಲಿ ಕೂರಬೇಕು?

ಸಂಜೆ ಮನೆಗೆ ಬರುವಾಗ ಒಂದು ಯೋಚನೆ ಬಂತು. ಯಂತ್ರಕ್ಕೆ ಸ್ವಲ್ಪ ಸುಸ್ತಾದರೂ ಹಿನ್ನೀರು ದಾಟಿ ನನಗೆ ಸುದ್ದಿ ಬರುತ್ತದೆ. ಮಗಳಿಗೆ ಸುಸ್ತಾದರೆ ಅವಳು ಎದ್ದು ಸೀರೆ ಸರಿಮಾಡಿಕೊಂಡು ಅಂಚೆಮನೆಯವರೆಗೆ ನಡೆಯಬೇಕು.

೯ ಮಾರ್ಚ್

ಸೊಸೆಗೆ ಜ್ವರ. ಹೇಳಿದೆ. ಮಧ್ಯಾಹ್ನ ಮುನಿಸು. ಹೇಳಿದೆ. ಮತ್ತೆ ಜ್ವರ. ಗಿರಿಯಪ್ಪ ಸಿಗಲಿಲ್ಲ.

ತಲೆ ಸಿಡಿಯುತ್ತಿದೆ.

೧೫ ಮಾರ್ಚ್

ಇವತ್ತು ನಾನೇ ಬಟ್ಟೆ ಸುತ್ತಿದೆ. ಹಳೆಯ ಲಂಗದ ಚೂರು, ಚೆನ್ನಾಗಿ ಕೂತಿತು. ಈಗ ಗಂಟೆ ಟಕಟಕ ಎನ್ನುತ್ತದೆ, ಹಲ್ಲಿ ಲೊಚಗುಟ್ಟಿದಷ್ಟು. ಪುಷ್ಪಮ್ಮ ಕೈಮುಗಿದಳು. ಮಧ್ಯಾಹ್ನ ಊಟ ರುಚಿಸಿತು, ಬಹಳ ದಿನಕ್ಕೆ.

ಭಾಗಿಗೆ ಫೋನ್ ಮಾಡಬೇಕೆಂದುಕೊಂಡೆ. ಆದರೆ ಕೊಡ್ಲಿನ ಬ್ಯಾಟರಿ ತಳ ಕಂಡಿದೆ. ಸುಮ್ಮನೆ ಹರಟಿ ಇದ್ದಷ್ಟನ್ನೂ ಖಾಲಿ ಮಾಡಿದರೆ ನಾಳೆ ಪೂರ್ತಿ ಮಲಗುತ್ತದೆ. ಯಂತ್ರವನ್ನೂ ನೋಡಬೇಕಲ್ಲ. ಗಿರಿಯಪ್ಪ ಕೂಡ, "ನಿಮ್ಮಿಂದಾನೇ ಸೊಸೆ ಇನ್ನೂ ಉಸಿರಾಡ್ತಾ ಇದಾಳೆ ವರದಕ್ಕ. ಬೇರೆಯವರಾಗಿದ್ರೆ ದಿನಾ ಮಗಳ ಹತ್ರ ಮಾತಾಡಿ ಮುಗಿಸ್ತಿದ್ರು" ಎಂದ. ಹೊಗಳಿದರೆ ಯಾರಿಗೆ ಬೇಡ.

೨೨ ಮಾರ್ಚ್, ಯುಗಾದಿ

ಒಬ್ಬಳೇ ಬೇವುಬೆಲ್ಲ ತಿಂದು ಡ್ಯೂಟಿಗೆ ಹೋದೆ. ಹಬ್ಬದ ದಿನ ಪುಷ್ಪಮ್ಮನನ್ನು ಮನೆಗೆ ಬಿಟ್ಟೆ. ಹನ್ನೊಂದರ ಹೊತ್ತಿಗೆ ಭಾಗಿಯೇ ಫೋನ್ ಮಾಡಿದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಕಾಲು ಬಾತ್ಕಂಡಿದೆ ಅಮ್ಮ. ಮುಖಾನೂ. ಕನ್ನಡಿ ನೋಡಿದ್ರೆ ಅತ್ತೆ ಥರಾನೇ ಕಾಣ್ತೀನಿ" ಎಂದು ನಕ್ಕಳು. "ತಲೆನೋವು ಬಿಡ್ತಾ ಇಲ್ಲ."

ತಿಂಗಳು ತುಂಬುತ್ತಾ ಬಂದಾಗ ಎಲ್ಲರಿಗೂ ಬಾಯುತ್ತದೆ, ಜೀರಿಗೆ ನೀರು ಕುಡಿ, ಬಿಸಿಲಲ್ಲಿ ಓಡಾಡಬೇಡ ಎಂದೆ. ಅಷ್ಟರಲ್ಲಿ ದೀಪ ಮಿಣುಕಲು ಶುರುವಾಯಿತು. "ಬ್ಯಾಟರಿ ಕಮ್ಮಿ ಇದೆ ಭಾಗಿ, ಇಡ್ತೀನಿ."

"ಇನ್ನೊಂದು ಮಾತು ಅಮ್ಮ..." ಎಂದಳು.

ಏನೆಂದು ಕೇಳುವಷ್ಟರಲ್ಲಿ ಕೈ ತಾನಾಗಿ ಲೈನ್ ಜೋಡಿಸುವ ವೈರನ್ನು ಬೋರ್ಡಿನಿಂದ ಎಳೆದುಬಿಟ್ಟಿತ್ತು. ಅಭ್ಯಾಸ. ಇರಲಿ, ಮುಂದಿನ ಸಲ ಕೇಳಿದರಾಯಿತು. ಸಿಗಂದೂರಿಗೆ ಸೀರೆ ಹರಕೆ ಹೊತ್ತಿದ್ದೇನೆ. ಹೆರಿಗೆ ಸುಸೂತ್ರವಾದರೆ ಮಗುವನ್ನು ಎತ್ತಿಕೊಂಡೇ ಹೋಗುತ್ತೇನೆ.

೨೭ ಮಾರ್ಚ್

ಜ್ವರ. ಜ್ವರ. ಮುನಿಸು. ಅದೇ ಕತೆ.

ಪುಷ್ಪಮ್ಮ ಕೇಳಿದಳು: "ಈ ಸೊಸೆಗೆ ಸ್ವಲ್ಪಾನೂ ನಾಚಿಕೆ ಇಲ್ವಾ ವರದಕ್ಕ?" ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಈಗ ಅವಳ ಕಾಲ ನಡೆಯುತ್ತಿದೆ ಎಂದೆ. ಚೆನ್ನಾಗಿ ನಕ್ಕೆವು.

೨ ಏಪ್ರಿಲ್, ಮಧ್ಯಾಹ್ನ

ಬೋರ್ಡಿನ ಮುಂದೆ ಕೂತೇ ಬರೆಯುತ್ತಿದ್ದೇನೆ. ಇವತ್ತು ಕರೆಗಳು ಕಮ್ಮಿ. ಎರಡು ಗಂಟೆಯ ಡ್ಯೂಟಿಗೆ ಬಂದಾಗ ಪುಷ್ಪಮ್ಮ ಹೊರಡುವ ಅವಸರದಲ್ಲಿದ್ದಳು.

"ಶೇಷಮ್ಮ ಫೋನ್ ಮಾಡಿದ್ರು. ಸೊಸೆ ತವರಿಗೆ ಹೊರಟಳಂತೆ. ಹೇಳ್ತಾ ಹೇಳ್ತಾನೇ ಲೈನ್ ಹೋಯ್ತು" ಎಂದಳು.

ಕೆಂಪು ದೀಪ ಮಿಣುಕದೆ ನೇರ ಉರಿಯುತ್ತಿತ್ತು. ಹೋಗಲಿ, ಹೋದವಳು ನಾಲ್ಕು ದಿನ ಆರಾಮಾಗಿ ಇದ್ದು ಬರಲಿ ಎಂದೆ. ಗಿರಿಯಪ್ಪ ಹೊಸನಗರದಲ್ಲಿದ್ದ. ಇವತ್ತೇ ಹೋಗಲೇ ಎಂದು ಕೇಳಿದ. ಬೇಡ ಮಾರಾಯ, ಬಿಸಿಲು, ನೀರು ಇಳಿದು ಲಾಂಚಿಗೆ ಕೆಸರಿನಲ್ಲಿ ಮೈಲಿಗಟ್ಟಲೆ ನಡೆಯಬೇಕು, ನಾಳೆ ಹೋದರಾಯಿತು ಎಂದೆ. ಪಾಪ, ಅವನೂ ಮನುಷ್ಯ.

ಒಂದು ಲೆಕ್ಕಕ್ಕೆ ಪೂರ್ತಿ ಸತ್ತದ್ದೇ ಒಳ್ಳೆಯದಾಯಿತು. ಇವತ್ತು ಆ ಟಕಟಕ ಕೂಡ ಇಲ್ಲ. ಹೊರಗೆ ಮಾವಿನಮರದಲ್ಲಿ ಕೋಗಿಲೆ ಕೂಗುವುದು ಕೇಳಿಸುತ್ತಿದೆ. ಭಾಗಿಗೆ ಬಾಣಂತಿ ಲೇಹ ಮಾಡುವುದಕ್ಕೆ ಸಾಮಾನು ಕಟ್ಟಿಸಬೇಕು. ನಾಳೆ ರಜೆ ಕೇಳಿ ನೋಡುತ್ತೇನೆ.

೩ ಏಪ್ರಿಲ್

ದೇವರೇ.

೫ ಏಪ್ರಿಲ್, ಆಸ್ಪತ್ರೆಯ ಜಗಲಿ

ಬರೆಯದಿದ್ದರೆ ತಲೆ ಕೆಡುತ್ತದೆ.

ಫೋನ್ ಮಾಡಿದ್ದು ಶೇಷಮ್ಮ ಅಲ್ಲ. ದುಗ್ಗಮ್ಮ. ಆ ಬೆಳಿಗ್ಗೆ ಭಾಗಿಗೆ ಕಣ್ಣು ಮಂಜಾಗಿ, ಹೊಟ್ಟೆಯ ಮೇಲ್ಭಾಗ ಹಿಂಡಿದ ಹಾಗಾಯಿತಂತೆ. ನಾನು ಹೇಳಿಕೊಟ್ಟಿದ್ದಂತೆಯೇ ಅವರು ಅಂಚೆಮನೆಗೆ ಓಡಿ, ಜನ್ಮದಲ್ಲಿ ಮೊದಲ ಸಲ ಫೋನು ಹಿಡಿದು, "ಸೊಸೆ ತವರಿಗೆ ಹೊರಟಳು ಅಂತ ವರದಮ್ಮಂಗೆ ಹೇಳ್ರವ್ವಾ, ಕಾರು ಕಳಿಸ್ಲಿ" ಎಂದಿದ್ದಾರೆ. ಬಾಣಂತನಕ್ಕೆ ಹೊರಟವಳಿಗೆ ನೋವು ಗೀವು ಎಂದು ಅಪಶಕುನ ನುಡಿಯುತ್ತಾರೆಯೇ? ಹಾಗೆಯೇ ಹೇಳುವುದು. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ. 'ಹೊರಟಳು' ಎನ್ನುವಷ್ಟಕ್ಕೆ ಬ್ಯಾಟರಿ ಮುಗಿಯಿತು. ನನ್ನ ಹೆಸರೂ ಕಾರೂ ಆಚೆಯೇ ಉಳಿದವು.

ಪುಷ್ಪಮ್ಮನಿಗೆ ಕೇಳಿಸಿದ್ದು ಕೊಡ್ಲಿನಿಂದ ಒಬ್ಬ ಹೆಂಗಸಿನ ದನಿ, ನಾವು ದಿನಾ ಆಡುವ ಮಾತು, ಅದರ ಹಿಂದೆಯೇ ಸತ್ತ ಲೈನು. ಅವಳು ಬೇರೆ ಏನೆಂದು ತಿಳಿಯಬೇಕು? ಎರಡು ದಿನದಿಂದ ನನ್ನ ಕಾಲು ಹಿಡಿದು ಅಳುತ್ತಿದ್ದಾಳೆ. ಅವಳನ್ನು ಬೈಯಲು ನನಗೆ ಬಾಯಿಲ್ಲ. ನಾವು ಯಾವತ್ತೂ 'ತವರಿಗೆ ಹೋದಳು' ಎನ್ನುತ್ತಿದ್ದೆವು. ಯಂತ್ರ ಸತ್ತೇ ಹೋಗುತ್ತದೆ, ಅದು ಹೊರಡುವುದಿಲ್ಲ. ಹೊರಡುವುದು ಮನುಷ್ಯರು. ಆ ಒಂದು ಮಾತು ನನ್ನ ಕಿವಿಗೆ ಬಿತ್ತು, ನನ್ನ ಕೈಯಾರೆ ಇದೇ ಪುಸ್ತಕದಲ್ಲಿ ಬರೆದೂ ಬರೆದೆ. ಬರೆದು ಕೋಗಿಲೆ ಕೇಳುತ್ತಾ ಕೂತೆ.

ಅವರಿಬ್ಬರೂ ಲಾಂಚ್ ಇಳಿದು ದಡದ ಗೂಡಂಗಡಿಯ ಬೆಂಚಿನ ಮೇಲೆ ಕೂತರು. ಬಸ್ಸು ಬಂತಂತೆ. ಭಾಗಿಯೇ ಬೇಡವೆಂದಳಂತೆ: "ಅಮ್ಮ ಕಾರು ಕಳಿಸ್ತಾಳೆ ಅತ್ತೆ. ಬಸ್ಸಲ್ಲಿ ಹೋದ್ರೆ ಕಾರು ಸುಮ್ನೆ ಬಂದು ಹುಡುಕ್ತದೆ." ಆ ಬಸ್ಸು ಹೋದ ಮೇಲೆ ಬೇರೆ ಬಸ್ಸಿಲ್ಲ. ಕನ್ನಪ್ಪ ಮಾರ್ಕೆಟ್ಟಿನ ಎದುರು ಕಾರಿನ ಬಾಗಿಲು ತೆರೆದಿಟ್ಟು ಮಲಗಿದ್ದನಂತೆ. ಕೊನೆಗೆ ಮರದ ನಾಟಾ ಸಾಗಿಸುವ ಲಾರಿಯವನೊಬ್ಬ ಹತ್ತಿಸಿಕೊಂಡ. ದಾರಿಯಲ್ಲಿ ಫಿಟ್ಸ್ ಬಂತು. ಆಸ್ಪತ್ರೆಯ ಆಯಾ ಬಂದು ನನ್ನನ್ನು ಬೋರ್ಡಿನ ಮುಂದಿನಿಂದ ಎಬ್ಬಿಸಿದಾಗ ಹೊತ್ತು ಮುಳುಗುತ್ತಿತ್ತು.

ಗಂಡು ಮಗು. ಅಳಲಿಲ್ಲ.

ಇನ್ನೂ ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಹೇಳಕ್ಕಾಗಲ್ಲಮ್ಮ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು. ತಾಯಿ ಉಳಿದಿದಾಳೆ, ಅದನ್ನ ನೋಡಿ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆಗುತ್ತಿತ್ತು ಎಂದಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದೆ. ಆಗುತ್ತಿರಲಿಲ್ಲ ಎಂದಿದ್ದರೆ ದೇವರನ್ನು ಬೈಯುತ್ತಿದ್ದೆ. ಈಗ ಎರಡೂ ಇಲ್ಲ.

ವಾಸಪ್ಪನಿಗೆ ಸುದ್ದಿ ಕೊಡಬೇಕಿತ್ತು. ಮರುದಿನ ನಾನೇ ಬೋರ್ಡಿಗೆ ಹೋಗಿ ಕೂತು ತೀರ್ಥಹಳ್ಳಿಯನ್ನು ಕರೆದೆ. ಲಾರಿ ಹುಲಿಕಲ್ ದಾಟಿರಬಹುದು, ಅಲ್ಲಿಗೂ ಹೇಳಿ ಎಂದೆ. ಆ ಕಡೆಯ ಹುಡುಗಿ, "ಆಯ್ತು, ಮುಟ್ಟಿಸ್ತೀನಿ. ಮತ್ತೇನಾದ್ರೂ ಇದ್ಯಾ?" ಎಂದಳು. ನಾನು ಸಾವಿರ ಸಲ ಅದೇ ದನಿಯಲ್ಲಿ ಅದನ್ನೇ ಕೇಳಿದ್ದೇನೆ. ಇಲ್ಲ ಎಂದೆ.

ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಕೊಡ್ಲಿನ ದೀಪ ಆರಿತು. ಗಿರಿಯಪ್ಪ ಅಲ್ಲಿಂದ ಮಾತಾಡಿದ, ಅವನಿಗೆ ಏನೂ ಗೊತ್ತಿಲ್ಲ, ಖುಷಿಯಲ್ಲಿದ್ದ. "ವರದಕ್ಕ, ಸೊಸೆ ಎದ್ದು ಕೂತ್ಲು! ಹೊಸ ಬ್ಯಾಟರಿ ಸಿಕ್ತು. ಇನ್ನು ಆರು ತಿಂಗ್ಳು ನಿಮಗೆ ಕಾಟ ಇಲ್ಲ."

ಒಳ್ಳೇದಾಯ್ತು ಗಿರಿಯಪ್ಪ ಎಂದೆ.

ಆಸ್ಪತ್ರೆಗೆ ವಾಪಸು ಬಂದಾಗ ದುಗ್ಗಮ್ಮ ಕೇಳಿದರು: "ಫೋನ್ ಮಾಡಿದ್ನಲ್ಲ ವರದಮ್ಮ, ಕಾರು ಬರ್ಲೇ ಇಲ್ಲ ಯಾಕೆ?" ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಭಾಗಿ ಹೇಳಿದಳು, "ಲೈನ್ ಹೋಗಿತ್ತಂತೆ ಅತ್ತೆ. ಲೈನ್ ಹೋದ್ರೆ ಅಮ್ಮ ಎಂತ ಮಾಡ್ತಾಳೆ, ಪಾಪ."

ಸುಳ್ಳಲ್ಲ. ಲೈನ್ ಹೋಗಿತ್ತು. ಮಿಕ್ಕದ್ದನ್ನು ಹೇಳಬೇಕೆಂದು ಎರಡು ಸಲ ಅವಳ ಹತ್ತಿರ ಹೋಗಿ ಹೊದಿಕೆ ಸರಿಮಾಡಿ ಬಂದೆ. ವಾಸಪ್ಪ ಇನ್ನೂ ಬಂದಿಲ್ಲ, ಅವಳಿಗೆ ಈಗ ನನ್ನನ್ನು ಬಿಟ್ಟರೆ ಒರಗಲು ಯಾರಿದ್ದಾರೆ? ನನ್ನ ಎದೆ ಹಗುರ ಮಾಡಿಕೊಳ್ಳಲು ಅವಳ ಮೇಲೆ ಇದನ್ನು ಹೇರಲೇ? ಹೇಳದಿದ್ದರೆ ಇದನ್ನು ಹೊತ್ತುಕೊಂಡು ಅವಳಿಗೆ ಹೇಗೆ ಉಣ್ಣಿಸಲಿ? ನನಗೆ ದಿಕ್ಕು ತೋಚುತ್ತಿಲ್ಲ. ಯುಗಾದಿಯ ದಿನ ಅವಳು ಹೇಳಬೇಕೆಂದಿದ್ದ ಇನ್ನೊಂದು ಮಾತು ಏನೆಂದು ಕೇಳುವ ಧೈರ್ಯವೂ ಇಲ್ಲ.

೬ ಏಪ್ರಿಲ್

ಬೆಳಿಗ್ಗೆ ಭಾಗಿಯ ರವಿಕೆ ಎರಡೂ ಕಡೆ ನೆನೆದಿತ್ತು. ಮೊದಲು ಅವಳಿಗೇ ತಿಳಿಯಲಿಲ್ಲ. ನೀರು ಚೆಲ್ಲಿಕೊಂಡೆನೇನೋ ಎಂದು ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಅಮ್ಮ, ಇದಕ್ಕೆ ಯಾರೂ ಹೇಳ್ಲೇ ಇಲ್ವಾ?"

ಇಷ್ಟು ದಿನ ಅವಳು ಅತ್ತಿರಲಿಲ್ಲ. ಈಗ ಅತ್ತಳು. ಎದೆ ಕಲ್ಲಾಗಿ ಮುಟ್ಟಿದರೆ ಕಿರುಚುವ ಹಾಗಾಗಿತ್ತು. ಆಯಾ ರಂಗಮ್ಮ ನನ್ನನ್ನು ಹೊರಗೆ ಕರೆದು, "ಮಲ್ಲಿಗೆ ಹೂ ತಂದು ಎದೆಗೆ ಬಿಗಿಯಾಗಿ ಕಟ್ಟಿ ವರದಮ್ಮ. ಎರಡು ದಿನದಲ್ಲಿ ಹಾಲು ಇಂಗ್ತದೆ. ನಮ್ಮ ಕಡೆ ಹಂಗೇ ಮಾಡದು" ಎಂದಳು.

ಇವರು ಹೋದ ಮೇಲೆ ನಾನು ಹೂವಿನಂಗಡಿಯ ಮುಂದೆ ನಿಂತವಳಲ್ಲ. ಹೂ ಮಾರುವ ಮಾಸ್ತಮ್ಮನಿಗೆ ನನ್ನ ಗುರುತುಂಟು. ಎಷ್ಟು ಮೊಳ ಎಂದಳು. ಬುಟ್ಟಿಯಲ್ಲಿದ್ದದ್ದೆಲ್ಲ ಕೊಡು ಎಂದೆ. ಅವಳ ಮುಖ ಅರಳಿತು.

"ಎಂತ ವರದಮ್ಮ, ಮಗಳು ಬಂದ್ಲಾ ತವರಿಗೆ?"

"ಬಂದ್ಲು."

"ಹೆರಿಗೆ ಆಯ್ತಾ?"

"ಆಯ್ತು."

"ಎಂತ ಮಗು?"

"ಗಂಡು" ಎಂದೆ.

ಒಂದಕ್ಕೂ ನಾನು ಸುಳ್ಳು ಹೇಳಲಿಲ್ಲ. ಮಾಸ್ತಮ್ಮ ತನಗೆಂದು ಪಕ್ಕದಲ್ಲಿ ಎತ್ತಿಟ್ಟುಕೊಂಡಿದ್ದ ಮಾಲೆಯಿಂದ ಇನ್ನೊಂದು ಮೊಳ ಅಳೆದು, ಕೆನ್ನೆಗೆ ಒತ್ತಿಕೊಂಡು, ಬಾಳೆಲೆಯ ಪೊಟ್ಟಣದ ಮೇಲಿಟ್ಟಳು. "ಇದು ನಂದು, ಬಾಣಂತಿ ಮುಡೀಲಿ. ದುಡ್ಡು ಗಿಡ್ಡು ಕೊಡಬೇಡಿ" ಎಂದಳು. ಉಳಿದದ್ದಕ್ಕೆ ದುಡ್ಡು ಕೊಟ್ಟು ಪೊಟ್ಟಣ ಎತ್ತಿಕೊಂಡೆ.

ಭಾಗಿಯನ್ನು ಕೂರಿಸಿ, ಹೂವನ್ನು ಸಾಲಾಗಿ ಇಟ್ಟು, ನನ್ನ ಸೀರೆಯ ಪಟ್ಟಿ ಹರಿದು ಬಿಗಿಯಾಗಿ ಸುತ್ತಿದೆ. ಅವಳು ಹಲ್ಲು ಕಚ್ಚಿ ನನ್ನ ಭುಜಕ್ಕೆ ಹಣೆ ಊರಿದ್ದಳು. ಮಾಸ್ತಮ್ಮನ ಆ ಮೊಳವನ್ನೂ ಸೇರಿಸಿಯೇ ಕಟ್ಟಿದೆ. ಸಂಜೆಯ ಹೊತ್ತಿಗೆ ಹೂವೆಲ್ಲ ಒದ್ದೆಯಾಗಿತ್ತು.